ಟಿಕ್ಸ್: ಅದುಮಿಡುವುದೇ ಬೇರೆ, ತರಬೇತಿಯೇ ಬೇರೆ

ಮಗುವಿಗೆ ಟಿಕ್ಸ್, ಅಂದರೆ ತಾನಾಗಿ ಮತ್ತೆ ಮತ್ತೆ ಬರುವ ಚಲನೆ ಅಥವಾ ಸದ್ದು, ಶುರುವಾದರೆ ಮನೆಯಲ್ಲಿ ಸಿಗುವ ಮೊದಲ ಮದ್ದು ಗದರಿಕೆ. ಕಣ್ಣು ಪಿಳಿಪಿಳಿ ಮಾಡಬೇಡ, ಕತ್ತು ಕೊಡವಬೇಡ, ಗಂಟಲಲ್ಲಿ ಸದ್ದು ಮಾಡಬೇಡ. ಗದರಿಸಿದಾಗ ಮಗು ಹತ್ತು ನಿಮಿಷ ಬಿಗಿಹಿಡಿದು ಕೂರುತ್ತದೆ, ಆಮೇಲೆ ಮತ್ತೆ ಅದೇ. ಬೇಕಂತಲೇ ಮಾಡುತ್ತಾನೆ ಎಂಬ ಗುಮಾನಿ ಹುಟ್ಟುವುದೂ ಇಲ್ಲೇ. ಹತ್ತು ನಿಮಿಷ ತಡೆಯಬಲ್ಲವನಿಗೆ ಇಡೀ ದಿನ ತಡೆಯಲು ಏನು ಕಷ್ಟ? ಸೊಳ್ಳೆ ಕಚ್ಚಿದ ಜಾಗವನ್ನು ಕೆರೆಯದೆ ಎಷ್ಟು ಹೊತ್ತು ಇರಬಹುದು, ಇದ್ದಷ್ಟು ಹೊತ್ತು ಬೇರೆ ಯಾವ ಕೆಲಸದಲ್ಲಿ ಮನಸ್ಸು ನಿಂತೀತು ಎಂದು ಯೋಚಿಸಿದರೆ ಉತ್ತರ ಸಿಗುತ್ತದೆ.

ಔಷಧವಿಲ್ಲದ ಚಿಕಿತ್ಸೆ ಅಂದಾಗ ಹೆಚ್ಚಿನವರಿಗೆ ಹೊಳೆಯುವುದು ಈ ಅದುಮಿಡುವಿಕೆಯ ಇನ್ನೊಂದು ರೂಪವೇ: ಮನಸ್ಸು ಗಟ್ಟಿ ಮಾಡಿಕೋ, ಗಮನ ಬೇರೆ ಕಡೆ ಹರಿಸು, ಮೊಬೈಲ್ ಬಿಡು. ಅಧ್ಯಯನಗಳಲ್ಲಿ ಫಲ ಕೊಟ್ಟದ್ದು ಅದಲ್ಲ. ಫಲ ಕೊಟ್ಟದ್ದು ಲೆಕ್ಕ ಇಟ್ಟು, ಒಂದೊಂದೇ ಟಿಕ್ ಹಿಡಿದು, ಮನೆಯವರನ್ನೂ ಸೇರಿಸಿಕೊಂಡು ಹತ್ತು ವಾರ ನಡೆಸುವ ತರಬೇತಿ. ಮಾತ್ರೆಗೆ ಇರುವಂತೆ ಅದಕ್ಕೂ ಪ್ರಮಾಣವಿದೆ, ಅವಧಿಯಿದೆ, ತಪ್ಪಾಗಿ ಕೊಡುವ ವಿಧಾನಗಳೂ ಇವೆ.

ಇದು ಟಿಕ್ ಹೌದೇ?

ಥಟ್ಟನೆ ಬಂದು ಹೋಗುವ, ಮತ್ತೆ ಮತ್ತೆ ಮರುಕಳಿಸುವ, ಆದರೆ ತಾಳಕ್ಕೆ ಬೀಳದ ಚಲನೆ ಅಥವಾ ಸದ್ದು ಟಿಕ್. ಸಾಮಾನ್ಯವಾಗಿ 4ರಿಂದ 6 ವರ್ಷದ ನಡುವೆ ಕಣ್ಣು, ಮುಖದಲ್ಲಿ ಶುರುವಾಗಿ ಕತ್ತು, ಭುಜಗಳಿಗೆ ಇಳಿಯುತ್ತದೆ. ಸದ್ದಿನ ಟಿಕ್ಸ್ ಹೆಚ್ಚಾಗಿ ತಡವಾಗಿ ಬಂದು ಸೇರಿಕೊಳ್ಳುತ್ತವೆ. 10ರಿಂದ 12ರ ವಯಸ್ಸಿನಲ್ಲಿ ಉಲ್ಬಣ, ಹದಿಹರೆಯ ಮುಗಿಯುವ ಹೊತ್ತಿಗೆ ಬಹುಪಾಲು ಮಕ್ಕಳಲ್ಲಿ ಇಳಿಕೆ. ವರ್ಷ ತುಂಬದಿದ್ದರೆ ತಾತ್ಕಾಲಿಕ ಎನ್ನುತ್ತಾರೆ. ಹಲವು ಚಲನೆಯ ಟಿಕ್ಸ್ ಜೊತೆ ಒಂದಾದರೂ ಸದ್ದಿನ ಟಿಕ್ ಕಾಣಿಸಿಕೊಂಡು, ಶುರುವಾಗಿ ವರ್ಷ ದಾಟಿ, ಆರಂಭ 18ಕ್ಕೆ ಮುಂಚೆಯೇ ಆಗಿದ್ದರೆ ಅದು ಟುರೆಟ್ ಸಿಂಡ್ರೋಮ್. 1885ರಲ್ಲಿ ಇಂಥ ಒಂಬತ್ತು ರೋಗಿಗಳ ವಿವರ ಪ್ರಕಟಿಸಿದ ಫ್ರೆಂಚ್ ವೈದ್ಯ ಜಾರ್ಜ್ ಜಿಲ್ ಡಿ ಲಾ ಟುರೆಟ್‌ನ ಹೆಸರು ಅದು. ಬಾಯಿಂದ ಬೈಗುಳ ಉದುರುವುದೇ ಟುರೆಟ್ ಎಂಬ ಕಲ್ಪನೆ ಸಿನಿಮಾಗಳ ಕೊಡುಗೆ. ಅದು ಇರುವುದು ಹತ್ತರಲ್ಲಿ ಒಬ್ಬರಿಗೋ, ತುಸು ಹೆಚ್ಚು ಜನರಿಗೋ.

ತರಬೇತಿಗೆ ಮುನ್ನ ವೈದ್ಯರ ಪರೀಕ್ಷೆ ಬೇಕು, ಯಾಕೆಂದರೆ ಟಿಕ್‌ನಂತೆ ಕಾಣುವ ಬೇರೆ ಸಂಗತಿಗಳಿವೆ. ಕಣ್ಣು ಮಿಟುಕಿಸುವುದು ಅಲರ್ಜಿಯಿಂದ ಆಗಿರಬಹುದು, ಒಣಗಂಟಲ ಕೆಮ್ಮು ಆಸ್ತಮಾದ್ದಾಗಿರಬಹುದು. ಮಿಟುಕಿಸುತ್ತ ಕೆಲವು ಸೆಕೆಂಡು ಮಗು ಮಾತಿಗೆ ಓಗೊಡದೆ ಶೂನ್ಯ ದಿಟ್ಟಿಸಿದರೆ ಅದು ಅಪಸ್ಮಾರದ ಒಂದು ಬಗೆ ಇರಬಹುದು, ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ) ಆಗಬೇಕು. ಟಿಕ್ ಬರುವಾಗ ಮಗುವಿಗೆ ಎಚ್ಚರ ತಪ್ಪುವುದಿಲ್ಲ, ಸ್ವಲ್ಪ ಹೊತ್ತು ತಡೆದುಕೊಳ್ಳಲೂ ಆಗುತ್ತದೆ. ಮೊಬೈಲ್‌ನಲ್ಲಿ ಎರಡು ನಿಮಿಷದ ವಿಡಿಯೊ ತೆಗೆದುಕೊಂಡು ಹೋಗಿ. ವೈದ್ಯರೆದುರು ಕೂತಾಗ ಟಿಕ್ಸ್ ಮಾಯವಾಗುವುದು ತೀರಾ ಸಾಮಾನ್ಯ.

ಏರಿಳಿತದ ಮೋಸ

ಟಿಕ್ಸ್ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಕೆಲವು ವಾರ ಜೋರು, ಆಮೇಲೆ ತಾನಾಗಿ ತಗ್ಗುತ್ತದೆ, ಮತ್ತೆ ಏರುತ್ತದೆ. ಒಂದು ಟಿಕ್ ಹೋಗಿ ಇನ್ನೊಂದು ಬರುತ್ತದೆ. ತಂದೆತಾಯಿ ಪರಿಹಾರ ಹುಡುಕಿ ಹೊರಡುವುದು ಸಹಜವಾಗಿಯೇ ಏರಿದ ಹೊತ್ತಿನಲ್ಲಿ. ಆ ಹೊತ್ತಿನಲ್ಲಿ ಏನೇ ಶುರುಮಾಡಿದರೂ (ವಿಟಮಿನ್ ಮಾತ್ರೆ, ಪಥ್ಯ, ಎಣ್ಣೆ ತಿಕ್ಕುವುದು, ಟಿವಿ ಬಂದ್) ನಾಲ್ಕಾರು ವಾರದಲ್ಲಿ ಅದು ಫಲ ಕೊಟ್ಟಂತೆ ಕಾಣುತ್ತದೆ. ಈ ಕ್ಷೇತ್ರದಲ್ಲಿ ಇಷ್ಟೊಂದು ಪವಾಡ ಚಿಕಿತ್ಸೆಗಳು ಬದುಕಿರುವುದು ಈ ಏರಿಳಿತದ ಕೃಪೆಯಿಂದ. ಯಾವುದೇ ವಿಧಾನ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಹೇಳಲು ಹೋಲಿಕೆಗೆ ಇನ್ನೊಂದು ಗುಂಪು ಇಟ್ಟುಕೊಂಡ ಅಧ್ಯಯನ ಬೇಕು ಎನ್ನುವುದೂ ಇದಕ್ಕೇ.

ಎಲ್ಲ ಟಿಕ್ಸ್‌ಗೂ ಚಿಕಿತ್ಸೆ ಬೇಡ. ಹೊಸದಾಗಿ ಬಂದ, ಮಗುವಿನ ಗಮನಕ್ಕೂ ಬಾರದ ಕಣ್ಣುಪಿಳುಕನ್ನು ಬಿಟ್ಟುಬಿಡುವುದೇ ಸರಿ. ನೋವು ಕೊಡುತ್ತಿದ್ದರೆ, ಓದು ಬರಹಕ್ಕೆ ಅಡ್ಡ ಬರುತ್ತಿದ್ದರೆ, ಸಹಪಾಠಿಗಳ ಅಣಕಕ್ಕೆ ಗುರಿಯಾಗಿದ್ದರೆ, ಅಥವಾ ‘ಇದು ಹೋಗಲಿ’ ಎಂದು ಮಗುವೇ ಬಯಸಿದರೆ ಆಗ ಶುರುಮಾಡಬೇಕು. ‘ನಮಗೆ ನೋಡಲು ಆಗುತ್ತಿಲ್ಲ’ ಎನ್ನುವುದು ಮಗುವಿಗೆ ಚಿಕಿತ್ಸೆ ಕೊಡಿಸಲು ಸಾಕಾಗುವ ಕಾರಣವಲ್ಲ.

ತುಡಿತ ಮತ್ತು ನಿರಾಳ

ಟಿಕ್ ಬರುವ ಮೊದಲು ಆ ಜಾಗದಲ್ಲಿ ಒಂದು ಇರುಸುಮುರುಸು ಏಳುತ್ತದೆ. ಬಿಗಿತ, ತುರಿಕೆ, ಒತ್ತಡ, ‘ಏನೋ ಸರಿ ಕೂತಿಲ್ಲ’ ಎಂಬ ಭಾವ. ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಅದನ್ನು ತುಡಿತ ಎನ್ನೋಣ. ಟಿಕ್ ಮಾಡಿದ ಕೂಡಲೇ ಅದು ಇಳಿದು ನಿರಾಳವಾಗುತ್ತದೆ. ಆ ಕ್ಷಣದ ನಿರಾಳವೇ ಮಿದುಳಿಗೆ ಸಿಗುವ ಬಹುಮಾನ. ಮುಂದಿನ ಸಲ ತುಡಿತ ಎದ್ದಾಗ ಮಿದುಳು ಅದೇ ದಾರಿ ಹಿಡಿಯುತ್ತದೆ. ಟಿಕ್ಸ್‌ನ ಮೂಲ ನರವ್ಯೂಹದಲ್ಲಿದೆ, ಅನುವಂಶೀಯತೆಯ ಪಾತ್ರ ದೊಡ್ಡದು. ಆದರೆ ಈ ತುಡಿತ–ಟಿಕ್–ನಿರಾಳದ ಸುತ್ತು ಕಲಿಕೆಯಿಂದ ಗಟ್ಟಿಯಾಗುತ್ತ ಹೋಗುತ್ತದೆ. ಕಲಿಕೆಯಿಂದ ಗಟ್ಟಿಯಾದದ್ದನ್ನು ಕಲಿಕೆಯಿಂದ ಸಡಿಲಿಸಬಹುದು ಎನ್ನುವುದು ತರಬೇತಿಯ ತಳಹದಿ. ಟಿಕ್ ಮಾಡದೆಯೂ ತುಡಿತ ತಾನಾಗಿ ಇಳಿಯುತ್ತದೆ ಎಂಬುದನ್ನು ಮಿದುಳು ಸಾಕಷ್ಟು ಸಲ ಅನುಭವಿಸಬೇಕು.

1973ರಲ್ಲಿ ನೇಥನ್ ಆಜ್ರಿನ್ ಮತ್ತು ಗ್ರೆಗರಿ ನನ್ ಇದಕ್ಕೆ ಹ್ಯಾಬಿಟ್ ರಿವರ್ಸಲ್ ಟ್ರೈನಿಂಗ್ (ರೂಢಿಯಾದದ್ದನ್ನು ತಿರುಗಿಸುವ ತರಬೇತಿ) ಎಂಬ ರೂಪ ಕೊಟ್ಟರು. ಅದಕ್ಕೆ ಸುತ್ತಲಿನ ಸನ್ನಿವೇಶ ಬದಲಿಸುವ ಭಾಗವನ್ನೂ ದೇಹ ಸಡಿಲಿಸುವ ಅಭ್ಯಾಸವನ್ನೂ ಸೇರಿಸಿ ಬೆಳೆಸಿದ್ದು ಇಂದಿನ ಸಿ-ಬಿಟ್ (CBIT), ಅಂದರೆ ಟಿಕ್ಸ್‌ಗೆ ಸಮಗ್ರ ವರ್ತನಾ ಚಿಕಿತ್ಸೆ. 2010ರಲ್ಲಿ ಜಾನ್ ಪಿಯಸೆಂಟಿನಿ ತಂಡ 9ರಿಂದ 17 ವರ್ಷದ 126 ಮಕ್ಕಳಲ್ಲಿ ಇದನ್ನು ಪರೀಕ್ಷಿಸಿತು. ಯೇಲ್ ಮಾಪನದಲ್ಲಿ, ಅಂದರೆ ಸೊನ್ನೆಯಿಂದ 50ರವರೆಗೆ ಹೋಗುವ ಟಿಕ್ ಅಂಕದಲ್ಲಿ, ತರಬೇತಿ ಪಡೆದವರ ಸರಾಸರಿ 24.7ರಿಂದ 17.1ಕ್ಕೆ ಇಳಿಯಿತು. ಬರೀ ತಿಳಿವಳಿಕೆ ಮತ್ತು ಬೆಂಬಲ ಪಡೆದವರದ್ದು 24.6ರಿಂದ 21.1ಕ್ಕೆ. ಸ್ಪಷ್ಟ ಸುಧಾರಣೆ ಕಂಡವರು ಒಂದು ಕಡೆ 52.5%, ಇನ್ನೊಂದು ಕಡೆ 18.5%. ಎರಡು ವರ್ಷದ ನಂತರ 16 ವರ್ಷ ಮೇಲ್ಪಟ್ಟ 122 ಮಂದಿಯಲ್ಲಿ ನಡೆದ ಅಧ್ಯಯನದಲ್ಲಿ ಆ ಪ್ರಮಾಣ 38.1% ಮತ್ತು 6.4%. ಅಮೆರಿಕನ್ ಅಕಾಡೆಮಿ ಆಫ್ ನ್ಯೂರಾಲಜಿಯ 2019ರ ಮಾರ್ಗಸೂಚಿ, ಸಿಗುವ ಕಡೆ ಔಷಧಕ್ಕಿಂತ ಮೊದಲು ಇದನ್ನೇ ಕೊಡಿ ಎನ್ನುತ್ತದೆ.

ಈ ಅಂಕಿಗಳನ್ನು ಎರಡೂ ಕಡೆಯಿಂದ ಓದಬೇಕು. ಸರಾಸರಿ ಇಳಿಕೆ ಸುಮಾರು 30%, ಟಿಕ್ಸ್ ಮಾಯವಾಗಲಿಲ್ಲ. ತರಬೇತಿ ಪಡೆದ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹೇಳಿಕೊಳ್ಳುವಂಥ ಸುಧಾರಣೆ ಆಗಲೂ ಇಲ್ಲ. ‘ಬೇರುಸಹಿತ ಗುಣ’ ಎಂದು ಭರವಸೆ ಕೊಡುವವರು ಯಾವ ವಿಧಾನದವರೇ ಆಗಲಿ, ಈ ಸಾಲುಗಳ ಪಕ್ಕದಲ್ಲಿಟ್ಟು ನೋಡಿ.

ತರಬೇತಿ ನಡೆಯುವ ಬಗೆ

ಆ ಅಧ್ಯಯನಗಳಲ್ಲಿ ಇದ್ದದ್ದು 10 ವಾರದಲ್ಲಿ 8 ಭೇಟಿ. ಮೊದಲ ಎರಡು ಒಂದೂವರೆ ಗಂಟೆಯವು, ಉಳಿದವು ಒಂದೊಂದು ಗಂಟೆ. ಕೊನೆಯ ಎರಡು ಭೇಟಿಗಳು ಮಾತ್ರ ಎರಡೆರಡು ವಾರದ ಅಂತರದಲ್ಲಿ.

ಮೊದಲು ಪಟ್ಟಿ. ಸದ್ಯ ಇರುವ ಎಲ್ಲ ಟಿಕ್ಸ್ ಬರೆದು, ಪ್ರತಿಯೊಂದೂ ಎಷ್ಟು ಕಾಟ ಕೊಡುತ್ತದೆ ಎಂದು ಮಗುವೇ 0ಯಿಂದ 10ರವರೆಗೆ ಅಂಕ ಹಾಕುತ್ತದೆ. ಕಾಟ ಕೊಡುವ, ಆದರೆ ಹಿಡಿಯಲು ತೀರಾ ಕಷ್ಟವಲ್ಲದ ಟಿಕ್‌ನಿಂದ ಶುರು. ಒಂದು ಭೇಟಿಗೆ ಒಂದೇ ಟಿಕ್. ಮನೆಯಲ್ಲಿ ಪ್ರಯತ್ನಿಸುವವರು ಎಡವುವುದು ಹೆಚ್ಚಾಗಿ ಇಲ್ಲೇ. ನಾಲ್ಕು ಟಿಕ್ಸ್ ಒಟ್ಟಿಗೆ ಹಿಡಿದರೆ ಮಗುವಿನ ದಿನವೆಲ್ಲ ಕಾವಲು ಕಾಯುವುದರಲ್ಲೇ ಕಳೆಯುತ್ತದೆ, ವಾರದಲ್ಲಿ ಎಲ್ಲವೂ ಕೈಬಿಟ್ಟುಹೋಗುತ್ತದೆ.

ಎರಡನೆಯದು ಅರಿವು. ಟಿಕ್ ಹೇಗೆ ಶುರುವಾಗುತ್ತದೆ, ಯಾವ ಸ್ನಾಯು ಮೊದಲು ಬಿಗಿಯುತ್ತದೆ, ತುಡಿತ ಎಲ್ಲಿ ಏಳುತ್ತದೆ ಎಂದು ನಿಧಾನಗತಿಯ ಚಿತ್ರದಂತೆ ಮಗು ವಿವರಿಸಬೇಕು. ಆಮೇಲೆ ಚಿಕಿತ್ಸಕರು ಅದೇ ಟಿಕ್ ಮಾಡಿ ತೋರಿಸುತ್ತಾರೆ, ಮಗು ಬೆರಳೆತ್ತಿ ಹಿಡಿಯಬೇಕು. ನಂತರ ತನ್ನದನ್ನು. ಐದರಲ್ಲಿ ನಾಲ್ಕನ್ನು ಹಿಡಿಯುವಷ್ಟು ಆದ ಮೇಲೆ ತುಡಿತ ಎದ್ದಾಗಲೇ ಬೆರಳೆತ್ತುವ ಅಭ್ಯಾಸ. ಮನೆಯಲ್ಲಿ ವಾರಕ್ಕೆ ಮೂರ್ನಾಲ್ಕು ದಿನ, 15ರಿಂದ 30 ನಿಮಿಷದ ಗೊತ್ತಾದ ಅವಧಿಯಲ್ಲಿ ಮಾತ್ರ ಎಣಿಕೆ. ಇಡೀ ದಿನ ಎಣಿಸಬಾರದು. ಅರಿವು ಹೆಚ್ಚಿದ ಮೊದಲ ವಾರ ಟಿಕ್ಸ್ ಹೆಚ್ಚಾದಂತೆ ಅನ್ನಿಸುವುದುಂಟು. ಹಿಂದೆ ಗಮನಕ್ಕೆ ಬಾರದೆ ಹೋಗುತ್ತಿದ್ದವು ಈಗ ಎಣಿಕೆಗೆ ಬಂದಿರುತ್ತವೆ, ಹೆದರಿ ನಿಲ್ಲಿಸಬಾರದು.

ಮೂರನೆಯದು ಎದುರು ಚಲನೆ. ಇದೇ ತರಬೇತಿಯ ನಡುಗಂಬ. ತುಡಿತ ಎದ್ದ ಕೂಡಲೇ, ಅಥವಾ ಟಿಕ್ ಶುರುವಾಗಿಬಿಟ್ಟಿದ್ದರೆ ಅದರ ನಡುವೆಯೇ, ಆ ಟಿಕ್ ನಡೆಯಲು ಎಡೆ ಕೊಡದ ಇನ್ನೊಂದು ಭಂಗಿ ಹಿಡಿಯಬೇಕು. ಒಂದು ನಿಮಿಷ, ಅಥವಾ ತುಡಿತ ಇಳಿಯುವವರೆಗೆ, ಯಾವುದು ಹೆಚ್ಚೋ ಅಷ್ಟು ಹೊತ್ತು. ಷರತ್ತು ಮೂರು: ಅದನ್ನು ಮಾಡುತ್ತಿರುವಾಗ ಟಿಕ್ ಮಾಡಲು ಆಗಬಾರದು, ಪಕ್ಕದಲ್ಲಿ ಕೂತವರಿಗೆ ಗೊತ್ತಾಗಬಾರದು, ಯಾವ ವಸ್ತುವಿನ ನೆರವೂ ಬೇಡದೆ ಎಲ್ಲಿ ಬೇಕಾದರೂ ಮಾಡುವಂತಿರಬೇಕು.

ಕತ್ತು ಪಕ್ಕಕ್ಕೆ ಕೊಡವುವ ಟಿಕ್‌ಗೆ, ಗದ್ದವನ್ನು ತುಸು ಒಳಕ್ಕೆ ಎಳೆದು, ನೋಟ ನೇರ ಇಟ್ಟು, ಕತ್ತಿನ ಸ್ನಾಯುಗಳನ್ನು ಮೆಲ್ಲಗೆ ಬಿಗಿಹಿಡಿಯುವುದು. ಭುಜ ಎಗರಿಸುವುದಕ್ಕೆ ಭುಜ ಕೆಳಗೆ ಒತ್ತಿ, ಮೊಣಕೈಯನ್ನು ಪಕ್ಕೆಗೆ ಅಂಟಿಸುವುದು. ಕೈ ಎಸೆಯುವಂಥದ್ದಕ್ಕೆ ಅಂಗೈಯನ್ನು ತೊಡೆಯ ಮೇಲಿಟ್ಟು ಒತ್ತುವುದು. ಮೂಗು ಮುರಿಯುವುದಕ್ಕೆ ಮೇಲ್ತುಟಿಯನ್ನು ಕೆಳಗೆಳೆದು ತುಟಿಗಳನ್ನು ಸೇರಿಸಿ ಹಿಡಿಯುವುದು. ಕಣ್ಣು ಮಿಟುಕಿಸುವುದಕ್ಕೆ ಕಣ್ಣು ಬಿಟ್ಟುಕೊಂಡೇ ಇರುವುದು ಸಾಧ್ಯವಿಲ್ಲ, ಸರಿಯೂ ಅಲ್ಲ. ಮೂರರಿಂದ ಐದು ಸೆಕೆಂಡಿಗೊಮ್ಮೆ ನಿಧಾನವಾಗಿ, ತಾನೇ ನಿರ್ಧರಿಸಿ, ಮೆದುವಾಗಿ ಮುಚ್ಚಿ ತೆರೆಯುತ್ತ ಆಗಾಗ ನೋಟ ಕೆಳಗೆ ಇಳಿಸುವುದು. ಗಂಟಲ ಸದ್ದು, ಮೂಗೆಳೆತ, ಚೀರುವಿಕೆಯಂಥ ಸದ್ದಿನ ಟಿಕ್ಸ್‌ಗೆ ಬಾಯಿ ಮುಚ್ಚಿ ಮೂಗಿನಿಂದ ಹೊಟ್ಟೆ ಉಬ್ಬುವಂತೆ ನಿಧಾನ ಉಸಿರೆಳೆದು ಬಿಡುವುದು. ಸದ್ದು ಮೂಗಿನದ್ದೇ ಆಗಿದ್ದರೆ ಉಸಿರಾಟ ಬಾಯಿಂದ.

ಇಲ್ಲಿ ಆಗುವ ತಪ್ಪುಗಳು ಎರಡು ಮೂರು ಬಗೆಯವು. ಸ್ನಾಯುವನ್ನು ಬಲವಾಗಿ ಬಿಗಿದರೆ ಸಂಜೆಗೆ ಕತ್ತು ನೋವು ಬರುತ್ತದೆ, ಮಗು ಬಿಟ್ಟುಬಿಡುತ್ತದೆ. ಬಿಗಿತ ಟಿಕ್ ತಡೆಯುವಷ್ಟೇ ಇರಲಿ. ಐದು ಸೆಕೆಂಡಿಗೆ ಕೈಬಿಟ್ಟರೆ ತುಡಿತ ಇನ್ನೂ ಏರಿದ ಮಟ್ಟದಲ್ಲೇ ಇರುತ್ತದೆ, ಟಿಕ್ ಬಂದೇ ಬರುತ್ತದೆ. ‘ಇದು ಕೆಲಸ ಮಾಡಲ್ಲ’ ಎಂಬ ಪಾಠ ಮಿದುಳಿಗೆ ಹೋಗುತ್ತದೆ. ಒಂದು ನಿಮಿಷ ಎನ್ನುವುದು ಸುಮ್ಮನೆ ಇಟ್ಟ ಅಂಕಿಯಲ್ಲ. ಇನ್ನು, ಎದುರು ಚಲನೆ ಮಾಡುತ್ತಿದ್ದರೂ ನಡುವೆ ಟಿಕ್ ನುಸುಳುತ್ತಿದ್ದರೆ ಮಗುವಿನ ಶ್ರಮ ಕಡಿಮೆಯಾಯಿತು ಎಂದಲ್ಲ, ಆರಿಸಿದ ಚಲನೆ ಸರಿಯಿಲ್ಲ ಎಂದರ್ಥ. ಬದಲಿಸಬೇಕು.

ಹಾಗಾದರೆ ಇದೂ ಅದುಮಿಡುವುದೇ ಅಲ್ಲವೇ? ಅಲ್ಲ. ಅದುಮಿಡುವಾಗ ಇರುವ ಆದೇಶ ‘ಮಾಡಬೇಡ’. ಮಾಡಲು ಏನೂ ಇಲ್ಲ, ಸೋತರೆ ತಪ್ಪಿತಸ್ಥ. ಇಲ್ಲಿ ‘ಇದನ್ನು ಮಾಡು’ ಎಂಬ ನಿರ್ದಿಷ್ಟ ಕೆಲಸವಿದೆ, ಅದಕ್ಕೆ ಶುರು ಮತ್ತು ಕೊನೆ ಇದೆ. ಟಿಕ್ ಬಂದುಬಿಟ್ಟರೂ ಕೆಲಸ ಕೆಡುವುದಿಲ್ಲ, ಬಂದ ಮೇಲೆ ಮಾಡಿದರೂ ಅಭ್ಯಾಸ ಅಭ್ಯಾಸವೇ.

ಮನೆಯವರ ಪಾಲು

ಟಿಕ್ ಬಂದಾಗ ಸುತ್ತಲಿನವರು ಏನು ಮಾಡುತ್ತಾರೆ ಎನ್ನುವುದೂ ಟಿಕ್ ಅನ್ನು ಏರಿಸುತ್ತದೆ, ಇಳಿಸುತ್ತದೆ. ಹಾಗಾಗಿ ಚಿಕಿತ್ಸಕರು ಪ್ರತಿ ಟಿಕ್‌ಗೂ ಎರಡು ಪ್ರಶ್ನೆ ಕೇಳುತ್ತಾರೆ: ಮುಂಚೆ ಏನಿತ್ತು, ನಂತರ ಏನಾಯಿತು? ನಿದ್ದೆಗೆಟ್ಟ ದಿನ, ಪರೀಕ್ಷೆಯ ಆತಂಕ, ಹುಟ್ಟುಹಬ್ಬದ ಸಡಗರ, ಹೋಮ್‌ವರ್ಕ್‌ನ ಹೊತ್ತು, ಟಿವಿ ಮುಂದೆ ಕೂತಾಗ, ಟಿಕ್ ಬಗ್ಗೆಯೇ ಮಾತೆದ್ದಾಗ — ಇವು ಸಾಮಾನ್ಯ ‘ಮುಂಚೆ’ಗಳು. ‘ನಂತರ’ದ ಪಟ್ಟಿ ಮನೆಯವರಿಗೆ ಕೇಳಲು ಅಷ್ಟು ಹಿತವಲ್ಲ: ಗದರಿಕೆ, ದಿಟ್ಟಿಸುವುದು, ಬೆನ್ನು ಸವರಿ ಸಮಾಧಾನ ಮಾಡುವುದು, ‘ಹೋಗಲಿ, ಹೋಮ್‌ವರ್ಕ್ ಬಿಡು’ ಎನ್ನುವುದು. ಮುದ್ದೂ ಗದರಿಕೆಯೂ ಇಲ್ಲಿ ಒಂದೇ ಕೆಲಸ ಮಾಡಬಲ್ಲವು, ಎರಡೂ ಟಿಕ್ ಕಡೆಗೆ ಗಮನ ಸೆಳೆಯುತ್ತವೆ.

ಹೋಮ್‌ವರ್ಕ್‌ನ ಉದಾಹರಣೆ ನೋಡೋಣ. ಲೆಕ್ಕ ಮಾಡುವಾಗ ಕತ್ತಿನ ಟಿಕ್ ಜೋರಾಗುತ್ತದೆ, ಅಮ್ಮ ಪುಸ್ತಕ ಮುಚ್ಚಿಸುತ್ತಾರೆ. ಮಗು ಹೂಡಿದ ಆಟವಲ್ಲ ಇದು. ಆದರೂ ಟಿಕ್‌ಗೆ ಬಿಡುಗಡೆಯ ಬಹುಮಾನ ಸಿಕ್ಕಿತು. ಬದಲಿಸುವ ಬಗೆ ಸರಳ: 20 ನಿಮಿಷ ಕೆಲಸ, 5 ನಿಮಿಷ ವಿರಾಮ ಎಂದು ಮೊದಲೇ ಗೊತ್ತು ಮಾಡುವುದು. ವಿರಾಮ ಗಡಿಯಾರ ನೋಡಿ ಸಿಗುತ್ತದೆ, ಟಿಕ್ ನೋಡಿ ಅಲ್ಲ. ಲೆಕ್ಕಕ್ಕೆ ಕೂರುವ ಮೊದಲು ಎರಡು ನಿಮಿಷ ನಿಧಾನ ಉಸಿರಾಟ. ಟಿಕ್ ಬಂದರೆ ಮನೆಯವರು ಏನೂ ಅನ್ನುವುದಿಲ್ಲ. ತರಗತಿಯಲ್ಲೂ ಇದೇ ಸೂತ್ರ: ಶಿಕ್ಷಕರು ಟಿಕ್ ಕಂಡೂ ಕಾಣದಂತಿರುವುದು, ಎಲ್ಲರ ನೋಟ ಬೀಳದ ಜಾಗದಲ್ಲಿ ಕೂರಿಸುವುದು, ಬರೆಯಲು ಅಡ್ಡಿಯಾಗುತ್ತಿದ್ದರೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡುವುದು.

ಹಿರಿಯರಲ್ಲಿ ಒಬ್ಬರು ಮಾತ್ರ ನೆರವಿನವರು. ಎದುರು ಚಲನೆ ಮಾಡಿದ್ದು ಕಂಡರೆ ‘ಚೆನ್ನಾಗಿ ಹಿಡಿದೆ’ ಎನ್ನುವುದು, ಅಭ್ಯಾಸದ ಅರ್ಧ ಗಂಟೆಯಲ್ಲಿ ಮರೆತರೆ ಮೊದಲೇ ಒಪ್ಪಿಕೊಂಡ ಸನ್ನೆಯಿಂದ ನೆನಪಿಸುವುದು, ಅಷ್ಟೇ ಅವರ ಕೆಲಸ. ಅಪ್ಪ, ಅಜ್ಜಿ, ಅಕ್ಕ ಎಲ್ಲರೂ ನೆನಪಿಸತೊಡಗಿದರೆ ಅದು ಹಳೆಯ ಗದರಿಕೆಯೇ ಆಗಿಬಿಡುತ್ತದೆ. ಬಹುಮಾನ ಕೊಡುವುದಾದರೆ ಅಭ್ಯಾಸಕ್ಕೆ ಕೊಡಿ, ಟಿಕ್ಸ್ ಕಡಿಮೆಯಾದದ್ದಕ್ಕಲ್ಲ. ಅಭ್ಯಾಸ ಮಗುವಿನ ಕೈಯಲ್ಲಿದೆ. ಈ ವಾರದ ಏರಿಳಿತ ಮಗುವಿನ ಕೈಯಲ್ಲಿಲ್ಲ.

ಇನ್ನೊಂದು ದಾರಿ

ಟಿಕ್ಸ್ ಹತ್ತಾರು ಇದ್ದು ಒಂದೊಂದಕ್ಕೂ ಎದುರು ಚಲನೆ ಹುಡುಕುವುದು ಕಷ್ಟವಾದಾಗ ಇಆರ್‌ಪಿ (ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್) ಎಂಬ ವಿಧಾನವಿದೆ. ಗೀಳು ಕಾಯಿಲೆಯ ಚಿಕಿತ್ಸೆಯಿಂದ ಬಂದದ್ದು. ಇಲ್ಲಿ ಎಲ್ಲ ಟಿಕ್ಸ್ ಒಟ್ಟಿಗೆ ತಡೆದು, ತುಡಿತ ಏರುತ್ತ ಇಳಿಯುತ್ತ ಇರುವುದನ್ನು ಗಮನಿಸುತ್ತ ಕೂರುವುದು. ಗಡಿಯಾರ ಹಿಡಿದು ಕೆಲವು ಸೆಕೆಂಡಿನಿಂದ ಶುರುಮಾಡಿ ಅವಧಿ ಹೆಚ್ಚಿಸುತ್ತಾರೆ, ತಡೆಯುವುದು ಬಂದ ಮೇಲೆ ಬೇಕೆಂದೇ ತುಡಿತ ಕೆರಳಿಸುವ ಸನ್ನಿವೇಶ ಸೇರಿಸುತ್ತಾರೆ. ಗದರಿಕೆಯ ಅದುಮಿಡುವಿಕೆಗೆ ಇದು ಹತ್ತಿರದಂತೆ ಕಂಡರೂ ಇಲ್ಲಿ ಮಗು ತುಡಿತದಿಂದ ಓಡುತ್ತಿಲ್ಲ, ಅದರೆದುರು ಕೂತಿದೆ, ಅವಧಿಯೂ ಗೊತ್ತಿದೆ. ಇಂಗ್ಲೆಂಡಿನ ಆರ್ಬಿಟ್ ಅಧ್ಯಯನ ಇದನ್ನು ಆನ್‌ಲೈನ್ ಪಾಠಗಳಾಗಿ 9ರಿಂದ 17 ವರ್ಷದ ಮಕ್ಕಳಿಗೆ ಕೊಟ್ಟಿತು. ಒಟ್ಟು 224 ಮಕ್ಕಳು. 2021ರಲ್ಲಿ ಫಲಿತಾಂಶ ಬಂತು. ಮೂರು ತಿಂಗಳಿಗೆ ಯೇಲ್ ಅಂಕ 4.5 ಇಳಿಯಿತು, ಬರೀ ಮಾಹಿತಿ ಪಡೆದವರಲ್ಲಿ 1.6. ಮುಖಾಮುಖಿ ತರಬೇತಿಯಷ್ಟು ದೊಡ್ಡ ಇಳಿಕೆಯಲ್ಲ. ಆದರೆ ನುರಿತ ಚಿಕಿತ್ಸಕರೇ ಸಿಗದ ಊರಿನಲ್ಲಿ ಇದು ಸಣ್ಣ ಮಾತಲ್ಲ.

ತಡೆದರೆ ಆಮೇಲೆ ದುಪ್ಪಟ್ಟಾಗಿ ಸಿಡಿಯುತ್ತದೆ, ಒಂದನ್ನು ಮುಚ್ಚಿದರೆ ಇನ್ನೊಂದು ಹುಟ್ಟುತ್ತದೆ ಎಂಬ ಹೆದರಿಕೆ ವೈದ್ಯರಲ್ಲೂ ಇದೆ. ಪ್ರಯೋಗಗಳಲ್ಲಿ ಇವೆರಡೂ ಕಂಡುಬಂದಿಲ್ಲ. ಶಾಲೆಯಿಂದ ಬಂದ ಮೇಲೆ ಟಿಕ್ಸ್ ಜೋರಾಗುವುದು ನಿಜವೇ. ದಣಿವು ಮತ್ತು ಮನೆಯ ಸಲಿಗೆ ಅದಕ್ಕೆ ಸಾಕಷ್ಟು ಕಾರಣ.

ತರಬೇತಿಯ ಮಿತಿ

2020ರ ನಂತರ ಹಲವು ದೇಶಗಳಲ್ಲಿ ಇನ್ನೊಂದು ಚಿತ್ರ ಕಾಣಿಸಿಕೊಂಡಿತು: ಹೆಚ್ಚಾಗಿ ಹದಿಹರೆಯದ ಹುಡುಗಿಯರು, ಹಿಂದೆ ಟಿಕ್ಸ್ ಇರದವರು, ಗಂಟೆಗಳಲ್ಲೋ ದಿನಗಳಲ್ಲೋ ಥಟ್ಟನೆ ಶುರು, ಕೈ ಬೀಸಿ ಹೊಡೆಯುವಂಥ ದೊಡ್ಡ ಚಲನೆಗಳು, ಇಡೀ ವಾಕ್ಯಗಳ ಕೂಗು. ಅಂಥವರಲ್ಲಿ ಹಲವರು ಟಿಕ್ಸ್‌ನ ವಿಡಿಯೊಗಳನ್ನು ಸಾಕಷ್ಟು ನೋಡಿದ್ದರು. ಇವನ್ನು ಟಿಕ್‌ನಂತಹ ಕ್ರಿಯಾತ್ಮಕ ವರ್ತನೆ ಎಂದು ಬೇರೆಯಾಗಿ ಗುರುತಿಸುತ್ತಾರೆ. ನಟನೆಯಲ್ಲ, ಸಂಕಟ ನಿಜವಾದದ್ದೇ. ಆದರೆ ಟಿಕ್‌ಗೆಂದು ಮಾಡಿದ ತರಬೇತಿಯನ್ನೋ ಔಷಧವನ್ನೋ ಹಾಗೇ ತಂದು ಹೊಂದಿಸಿದರೆ ಪ್ರಯೋಜನ ಕಡಿಮೆ. ಆತಂಕ, ಖಿನ್ನತೆಗೆ ಚಿಕಿತ್ಸೆ, ಅಂಥ ವಿಡಿಯೊಗಳಿಂದ ದೂರ, ಸುತ್ತಲಿನವರ ಅತಿಗಮನ ತಗ್ಗಿಸುವುದು ಮೊದಲು ಬರುತ್ತವೆ. ಐದನೇ ವಯಸ್ಸಿಗೆ ಕಣ್ಣುಪಿಳುಕಿನಿಂದ ಶುರುವಾದದ್ದೇ, ಹದಿನೈದಕ್ಕೆ ರಾತ್ರೋರಾತ್ರಿ ಬಂದದ್ದೇ ಎಂಬ ಒಂದೇ ಪ್ರಶ್ನೆ ದಾರಿ ಬಹುಪಾಲು ತೋರಿಸುತ್ತದೆ.

ಟುರೆಟ್ ಇರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಎಡಿಎಚ್‌ಡಿಯೂ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರುತ್ತದೆ, ಗೀಳಿನ ಲಕ್ಷಣಗಳೂ ಸಾಮಾನ್ಯ. ಬದುಕಿಗೆ ಹೆಚ್ಚು ಅಡ್ಡಿ ಅವುಗಳದ್ದೇ ಆಗಿದ್ದರೆ ಮೊದಲು ಅವುಗಳ ಚಿಕಿತ್ಸೆ. ಒಂದು ನಿಮಿಷ ಗಮನ ನಿಲ್ಲಿಸಲಾಗದ ಮಗುವಿಗೆ ಒಂದು ನಿಮಿಷದ ಎದುರು ಚಲನೆ ಕೊಟ್ಟು ಪ್ರಯೋಜನವೇನು? ತೀರಾ ಚಿಕ್ಕವರಿಗೆ ತುಡಿತ ಗುರುತಿಸುವುದೇ ಕಷ್ಟ, ಅಲ್ಲಿ ಆಟದ ರೂಪದ ಅಭ್ಯಾಸ ಮತ್ತು ಮನೆಯವರ ನಡವಳಿಕೆಯ ಬದಲಾವಣೆಗೆ ಹೆಚ್ಚು ಒತ್ತು. ಕತ್ತನ್ನು ರಭಸದಿಂದ ಎಸೆಯುವ, ಕಣ್ಣಿಗೆ ಗುದ್ದಿಕೊಳ್ಳುವ, ನಾಲಿಗೆ ಕಚ್ಚಿಕೊಳ್ಳುವ ಟಿಕ್ಸ್ ಇದ್ದರೆ ಹತ್ತು ವಾರ ಕಾಯಬಾರದು. ಕತ್ತಿನ ರಭಸದ ಟಿಕ್‌ನಿಂದ ಬೆನ್ನುಹುರಿಗೆ ಪೆಟ್ಟಾದ ಉದಾಹರಣೆಗಳು ವೈದ್ಯ ಸಾಹಿತ್ಯದಲ್ಲಿವೆ. ಕೈಕಾಲು ಜೋಮು, ಬಲಹೀನತೆ ಕಂಡರೆ ಅಂದೇ ಆಸ್ಪತ್ರೆಗೆ. ಔಷಧ ಇಂಥ ಕಡೆ ಬೇಕೇ ಬೇಕು, ತರಬೇತಿ ಅದರ ಜೊತೆಯಲ್ಲಿ ನಡೆಯಬಹುದು. ಈಗಾಗಲೇ ಔಷಧ ತೆಗೆದುಕೊಳ್ಳುತ್ತಿರುವವರು ತರಬೇತಿ ಸಿಕ್ಕಿತೆಂದು ತಾವಾಗಿ ನಿಲ್ಲಿಸಬಾರದು. ಟಿಕ್ಸ್‌ಗೆ ಕೊಡುವ ಕ್ಲೊನಿಡಿನ್‌ನಂಥ ಔಷಧವನ್ನು ಒಮ್ಮೆಲೇ ಬಿಟ್ಟರೆ ರಕ್ತದೊತ್ತಡ ಜಿಗಿಯಬಹುದು.

ಚಿಕಿತ್ಸಕರನ್ನು ಹುಡುಕುವಾಗ ‘ಬಿಹೇವಿಯರ್ ಥೆರಪಿ ಮಾಡುತ್ತೀರಾ’ ಎಂದಷ್ಟೇ ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಹ್ಯಾಬಿಟ್ ರಿವರ್ಸಲ್ ಕಲಿತಿದ್ದೀರಾ, ಒಂದು ಭೇಟಿಗೆ ಎಷ್ಟು ಟಿಕ್ಸ್ ತೆಗೆದುಕೊಳ್ಳುತ್ತೀರಿ, ಟಿಕ್ಸ್ ಅಳೆಯುವುದು ಹೇಗೆ, ಮನೆಯವರಿಗೆ ಏನು ಕೆಲಸ ಕೊಡುತ್ತೀರಿ ಎಂದು ಕೇಳಿ. ಶುರುಮಾಡುವ ಮುನ್ನ ಎರಡು ವಾರ, ಒಂದೇ ಹೊತ್ತಿನಲ್ಲಿ, ಒಂದೇ ಚಟುವಟಿಕೆಯ ಹತ್ತು ಹತ್ತು ನಿಮಿಷದ ವಿಡಿಯೊ ತೆಗೆದು ಟಿಕ್ಸ್ ಎಣಿಸಿಡಿ. ಹತ್ತನೇ ವಾರದಿಂದ ಮತ್ತೆ ಎರಡು ವಾರ ಅದೇ ಎಣಿಕೆ. ಆಗಲೂ ಒಂದು ದಿನದ ಅಂಕಿಯನ್ನು ಇನ್ನೊಂದು ದಿನದ್ದಕ್ಕೆ ಹೋಲಿಸಬೇಡಿ, ಎರಡು ವಾರದ ಸರಾಸರಿಯನ್ನು ಎರಡು ವಾರದ ಸರಾಸರಿಗೆ ಹೋಲಿಸಿ.